ಐದು ನಿಮಿಷದ ಮಾತು, ಮುಕ್ಕಾಲು ಗಂಟೆಯ ಮಾತು: ಸಮುದಾಯ ಸಮ್ಮೇಳನದಲ್ಲಿ ಹೊತ್ತು ಹಂಚುವುದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ಮುಕ್ತ ತಂತ್ರಾಂಶದಲ್ಲಿ (ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ತಂತ್ರಾಂಶದಲ್ಲಿ) ಆಸಕ್ತಿಯಿರುವವರ ಸಣ್ಣ ಬಳಗ ನಮ್ಮದು. ಕಳೆದ ವರ್ಷ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎರಡು ದಿನದ ಸಮ್ಮೇಳನ ನಡೆಸಿದೆವು. ಒಟ್ಟು 12 ಮಾತುಗಳು, ಪ್ರತಿಯೊಂದಕ್ಕೂ 45 ನಿಮಿಷ. ಮೊದಲ ದಿನ ಊಟದ ಹೊತ್ತಿಗೇ ಒಂದು ಗಂಟೆ ತಡವಾಗಿತ್ತು. ಊಟ ಮುಗಿದ ಮೇಲೆ ಅರ್ಧ ಸಭಾಂಗಣ ಖಾಲಿಯಾಯಿತು. ಈ ವರ್ಷ 64 ಪ್ರಸ್ತಾವಗಳು ಬಂದಿವೆ, ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳವು. ಸಮಿತಿಯ ಕೆಲವರು, "ಈಗಿನವರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೇಳುವ ತಾಳ್ಮೆಯಿಲ್ಲ, ಎಲ್ಲವನ್ನೂ 15 ನಿಮಿಷಕ್ಕೆ ಇಳಿಸೋಣ" ಎನ್ನುತ್ತಾರೆ. ಹಿರಿಯರೊಬ್ಬರು, "ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರಿಗೆ 15 ನಿಮಿಷ ಕೊಡುವುದು ಅವಮಾನ" ಎನ್ನುತ್ತಾರೆ. ಹಣಕಾಸಿನ ನೆರವು ಕೊಡುವ ಕಂಪನಿಯೊಂದು 45 ನಿಮಿಷ ಕೇಳುತ್ತಿದೆ. ನಮ್ಮ ಬಳಿ ಒಂದು ದೊಡ್ಡ ಸಭಾಂಗಣ, ಒಂದು ಚಿಕ್ಕ ಕೊಠಡಿ ಇವೆ. ಹೇಗೆ ಹಂಚಬೇಕು?

ಉತ್ತರ: ಕೇಳಿದ್ದು ನಿಮಿಷಗಳ ಲೆಕ್ಕವಾದರೂ ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ಕೇಳುಗರು ಎದ್ದು ಹೋಗುತ್ತಾರೆ ಎಂಬುದು ಒಂದು. ಹೊಸಬರಿಗೆ ವೇದಿಕೆ ಸಿಗುತ್ತಿಲ್ಲ ಎಂಬುದು ಇನ್ನೊಂದು. ದೂರದಿಂದ ಬಂದವರ ಮನಸ್ಸು ನೋಯಬಾರದು ಎಂಬುದು ಮೂರನೆಯದು. ಎಲ್ಲ ಮಾತುಗಳಿಗೂ ಒಂದೇ ಅಳತೆ ಕೊಟ್ಟರೆ ಈ ಮೂರೂ ಬಗೆಹರಿಯುವುದಿಲ್ಲ. ಹಲವು ವರ್ಷ ಇಂಥ ಸಮ್ಮೇಳನಗಳ ಆಯ್ಕೆ ಸಮಿತಿಗಳಲ್ಲಿ ಕುಳಿತು ನಾನು ಕಲಿತದ್ದು ಇಷ್ಟು: ಹೊತ್ತನ್ನು ಮಾತನಾಡುವವರ ಹಿರಿತನ ನೋಡಿ ಕೊಡಬಾರದು, ಅವರು ಹೇಳಹೊರಟ ವಿಷಯ ನೋಡಿ ಕೊಡಬೇಕು. ಇದನ್ನು ಒಪ್ಪಿಕೊಂಡರೆ ಉಳಿದ ತೀರ್ಮಾನಗಳು ಬಹುಮಟ್ಟಿಗೆ ತಾವಾಗಿಯೇ ಮೂಡುತ್ತವೆ.

ಮೊದಲು ತಾಳ್ಮೆಯ ಮಾತು. ಮನುಷ್ಯನ ಗಮನ 8 ಸೆಕೆಂಡಿಗೆ ಇಳಿದಿದೆ, ಗೋಲ್ಡ್‌ಫಿಶ್ ಮೀನಿಗಿಂತಲೂ ಕಡಿಮೆ ಎಂಬ ಸುದ್ದಿಯನ್ನು ನಿಮ್ಮ ಸಮಿತಿಯವರೂ ಎಲ್ಲಾದರೂ ಓದಿರುತ್ತಾರೆ. ಅದು ಹರಡಿದ್ದು 2015ರಲ್ಲಿ ಮೈಕ್ರೋಸಾಫ್ಟ್‌ನ ಕೆನಡಾ ವಿಭಾಗ ಜಾಹೀರಾತುದಾರರಿಗಾಗಿ ಹೊರತಂದ ವರದಿಯಿಂದ. ಆ ಅಂಕಿಯ ಮೂಲವನ್ನು ಪತ್ರಕರ್ತರು ಹುಡುಕಿಕೊಂಡು ಹೋದಾಗ ಹಿಂದೆ ಗಟ್ಟಿಯಾದ ಸಂಶೋಧನೆ ಸಿಗಲಿಲ್ಲ. ತರಗತಿಯಲ್ಲಿ ಗಮನ 10-15 ನಿಮಿಷಕ್ಕೆ ಕುಸಿಯುತ್ತದೆ ಎಂಬ ಹಳೆಯ ನಂಬಿಕೆಯ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ನೀಲ್ ಬ್ರಾಡ್‌ಬರಿ ಎಂಬ ಶರೀರಶಾಸ್ತ್ರದ ಪ್ರಾಧ್ಯಾಪಕರು 2016ರಲ್ಲಿ ಆ ಹೇಳಿಕೆಯ ಆಧಾರಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದರು. ಗಮನದ ಮೇಲೆ ಹೆಚ್ಚು ಪರಿಣಾಮ ಬೀರುವುದು ಗಡಿಯಾರಕ್ಕಿಂತ ಪಾಠ ಹೇಳುವವರೇ ಎಂಬುದು ಅವರು ಕಂಡುಕೊಂಡದ್ದು. ನಮ್ಮ ಕರಾವಳಿಯವರಿಗೆ ಇದು ಹೊಸ ವಿಷಯವಲ್ಲ. ಚೌಕಿಪೂಜೆಯಿಂದ ಮಂಗಳದವರೆಗೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡುವವರು ಇಂದಿಗೂ ಇದ್ದಾರೆ. ಕಾಲಮಿತಿ ಪ್ರಯೋಗಗಳು ಹೆಚ್ಚಿದ್ದಕ್ಕೆ ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರ ಅನುಕೂಲವೂ ಕಾರಣ. ಪ್ರೇಕ್ಷಕರ ತಾಳ್ಮೆ ಸತ್ತುಹೋಗಿದೆ ಎಂದು ಅದರಿಂದ ಹೇಳಲಾಗದು.

ಹಾಗಾದರೆ ಕಳೆದ ವರ್ಷ ನಿಮ್ಮ ಸಭಾಂಗಣ ಯಾಕೆ ಖಾಲಿಯಾಯಿತು? ಉತ್ತರ ನಿಮ್ಮ ಪತ್ರದಲ್ಲೇ ಇದೆ. ಒಂದು ಗಂಟೆ ತಡ. ತಾವು ಕಾದು ಕುಳಿತ ಮಾತು ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ತಿಳಿಯದಿದ್ದಾಗ ಜನ ಹೊರಗೆ ಹೋಗುತ್ತಾರೆ, ಸಂಜೆಯ ರೈಲಿನವರು ಚೀಲ ಎತ್ತಿಕೊಳ್ಳುತ್ತಾರೆ. ಇನ್ನೊಂದು ಕಾರಣವೂ ಇದ್ದಿರಬಹುದು. 20 ನಿಮಿಷದ ಸರಕನ್ನು 45 ನಿಮಿಷಕ್ಕೆ ಎಳೆದ ಮಾತುಗಳು. ಒಂದೇ ಅಳತೆಯ ಅಂಗಿ ಹೊಲಿಸಿದರೆ ಕೆಲವರಿಗೆ ಸಡಿಲವಾಗಿಯೇ ತೀರುತ್ತದೆ. ಆ ಸಡಿಲವನ್ನು ತುಂಬಲು ಅವರು ತಂತ್ರಾಂಶದ ಇತಿಹಾಸ, ತಮ್ಮ ಪರಿಚಯ, ಕಂಪನಿಯ ಪರಿಚಯ ಎಲ್ಲವನ್ನೂ ತರುತ್ತಾರೆ. ಕೇಳುಗರು ಬೇಸತ್ತದ್ದು ಮಾತು ಉದ್ದವಾಯಿತೆಂದಲ್ಲ, ಅದರಲ್ಲಿ ಹುರುಳು ಕಡಿಮೆಯಾಯಿತೆಂದು.

ಎಲ್ಲವನ್ನೂ 15 ನಿಮಿಷ ಮಾಡಿದರೆ ಹೊತ್ತು ಉಳಿಯುತ್ತದೆ ಎಂಬುದು ಎರಡನೆಯ ತಪ್ಪು ಕಲ್ಪನೆ. ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ 9.30ರಿಂದ ಸಂಜೆ 5.30ರವರೆಗೆ 480 ನಿಮಿಷ. ಊಟಕ್ಕೆ 75, ಎರಡು ಚಹಾ ವಿರಾಮಕ್ಕೆ 50, ಆರಂಭ ಮತ್ತು ಪ್ರಕಟಣೆಗಳಿಗೆ 30 ಕಳೆದರೆ ಉಳಿಯುವುದು 325. ಒಬ್ಬರು ಇಳಿದು ಇನ್ನೊಬ್ಬರು ಹತ್ತಿ, ಲ್ಯಾಪ್‌ಟಾಪ್ ಜೋಡಿಸಿ, ಪರದೆಯ ಮೇಲೆ ಚಿತ್ರ ಬರಲು ಕನಿಷ್ಠ 5 ನಿಮಿಷ ಬೇಕು. 45 ನಿಮಿಷದ ಮಾತಾದರೆ ದಿನಕ್ಕೆ 6 ಹಿಡಿಸುತ್ತವೆ. ಮಾತಿಗೆ 270 ನಿಮಿಷ, ಅದಲುಬದಲಿಗೆ 30. ಎಲ್ಲವೂ 15 ನಿಮಿಷದವಾದರೆ 16 ಹಿಡಿಸುತ್ತವೆ. ಮಾತಿಗೆ 240 ನಿಮಿಷ, ಅದಲುಬದಲಿಗೆ 80. ಜನರ ಸಂಖ್ಯೆ ಹೆಚ್ಚಿತು, ಹೇಳಿದ್ದು ಕಡಿಮೆಯಾಯಿತು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಅಡಾಪ್ಟರ್ ಹೊಂದದೆ, ಮೈಕ್ ಕೈಕೊಟ್ಟು ತಡವಾಗುವ ಸಂದರ್ಭ ದಿನಕ್ಕೆ 6 ಇದ್ದದ್ದು 16 ಆಗುತ್ತದೆ. ಚಿಕ್ಕ ಮಾತುಗಳು ಸಂಘಟಕರ ಕೆಲಸವನ್ನು ಹೆಚ್ಚಿಸುತ್ತವೆ. ಇದನ್ನು ತಿಳಿದೇ ಅವುಗಳಿಗೆ ಕೈಹಾಕಬೇಕು.

ಎಲ್ಲ ಕಡೆಯೂ 20 ನಿಮಿಷವೇ ಎಂಬ ನಿಯಮವಿದ್ದ ಸಮ್ಮೇಳನವೊಂದರ ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೆ. ಕನ್ನಡದ ಅಕ್ಷರ ವಿನ್ಯಾಸದ ಬಗ್ಗೆ ಒಂದು ಮಾತಿತ್ತು. ಅರ್ಕಾವೊತ್ತಿನ ಸಮಸ್ಯೆ ನಿಮಗೆ ಗೊತ್ತಿರುತ್ತದೆ. ರ, ವಿರಾಮ (ಅಕ್ಷರದ ಸ್ವರವನ್ನು ತೆಗೆಯುವ ಚಿಹ್ನೆ), ಯ ಒತ್ತಿದರೆ ಅರ್ಕಾವೊತ್ತು ಬರುತ್ತದೆ, 'ಸೂರ್ಯ'ಕ್ಕೆ ಅದು ಸರಿ. 'ರ‍್ಯಾಂಕ್' ಎಂದು ಬರೆಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಸೇರಿಸಬೇಕು. ಅದನ್ನು ಸೇರಿಸಿ ಬರೆದ ಪದವೂ ಸೇರಿಸದೆ ಬರೆದ ಪದವೂ ಕಂಪ್ಯೂಟರಿಗೆ ಬೇರೆ ಬೇರೆ, ಹಾಗಾಗಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಇದನ್ನು ಅರ್ಥ ಮಾಡಿಸಲು ಮೊದಲು ಯುನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಗೊತ್ತುಮಾಡುವ ಮಾನದಂಡ) ಅಕ್ಷರಗಳನ್ನು ಹೇಗೆ ಇಡುತ್ತದೆ ಎಂದು ಹೇಳಬೇಕು, ಆಮೇಲೆ ಫಾಂಟ್ ಆ ಸಂಕೇತಗಳನ್ನು ಹೇಗೆ ಆಕಾರಕ್ಕೆ ತರುತ್ತದೆ, ಆಮೇಲೆ ಕೀಲಿಮಣೆ ಏನು ಕಳುಹಿಸುತ್ತದೆ, ಕೊನೆಗೆ ಹುಡುಕಾಟ. ನಾಲ್ಕು ಮೆಟ್ಟಿಲು. ಆ ದಿನ ಮಾತನಾಡಿದವರು ಎರಡನೆಯ ಮೆಟ್ಟಿಲಿನಲ್ಲಿದ್ದಾಗ ಗಂಟೆ ಬಾರಿಸಿತು. ಸಭೆಯಲ್ಲಿ ಆ ವಿಷಯಕ್ಕಾಗಿಯೇ ಬಂದವರಿದ್ದರು. ಅವರ ಮುಖ ನೋಡಿ ನನಗೆ ಬಹಳ ಸಂಕಟವಾಯಿತು. ತಪ್ಪು ಮಾತನಾಡಿದವರದಾಗಿರಲಿಲ್ಲ, ಅಳತೆ ಗೊತ್ತುಮಾಡಿದ ನಮ್ಮದು.

ಅಂದಿನಿಂದ ಪ್ರಸ್ತಾವ ಓದುವಾಗ ನಾನು ಕೇಳಿಕೊಳ್ಳುವುದು ಒಂದೇ. ಕೇಳುಗರು ಎಷ್ಟು ಮೆಟ್ಟಿಲು ಹತ್ತಿದರೆ ಈ ಮಾತಿನ ತಿರುಳು ಸಿಗುತ್ತದೆ? ಒಂದೇ ಮೆಟ್ಟಿಲಾದರೆ 5 ನಿಮಿಷ ಸಾಕು. "ನಮ್ಮೂರಿನ ಬಸ್ ನಿಲ್ದಾಣಗಳನ್ನೆಲ್ಲ ಜನರೇ ಸೇರಿ ರೂಪಿಸುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿದೆವು, ನೀವೂ ಹೀಗೆ ಮಾಡಬಹುದು" ಎಂಬುದು ಅಂಥದ್ದು, ಐದು ನಿಮಿಷದಲ್ಲಿ ಮಿಂಚುತ್ತದೆ. ಒಂದು ಆ್ಯಪನ್ನು ಕನ್ನಡಕ್ಕೆ ತಂದ ಅನುಭವ, ಎದುರಾದ ಎರಡು ಮೂರು ತೊಡಕುಗಳು ಎಂದರೆ 20 ನಿಮಿಷ. ಒಂದರ ಮೇಲೊಂದು ಕಟ್ಟಿಕೊಂಡು ಹೋಗುವ ವಿಷಯವಾದರೆ ಮಾತ್ರ 45. ಹತ್ತು ಸಲಹೆಗಳ ಪಟ್ಟಿಯಂಥ ಮಾತು ನೋಡಲು ದೊಡ್ಡದು. ಆದರೆ ಆ ಹತ್ತಕ್ಕೂ ಒಂದಕ್ಕೊಂದು ಸಂಬಂಧವಿರುವುದಿಲ್ಲ, ಅವುಗಳಲ್ಲಿ ಒಳ್ಳೆಯ ಮೂರನ್ನು ಆರಿಸಿದರೆ 20 ನಿಮಿಷಕ್ಕೆ ಧಾರಾಳವಾಗಿ ಒಗ್ಗುತ್ತದೆ.

ಪ್ರಸ್ತಾವ ಕಳುಹಿಸಿದವರನ್ನೆಲ್ಲ ಒಂದು ಪ್ರಶ್ನೆ ಕೇಳಿ: "ಇದನ್ನೇ 20 ನಿಮಿಷದಲ್ಲಿ ಹೇಳಬೇಕಾದರೆ ಏನನ್ನು ಬಿಡುತ್ತೀರಿ?" ವಿಷಯ ಚೆನ್ನಾಗಿ ಗೊತ್ತಿರುವವರು ಎರಡು ಸಾಲಿನಲ್ಲಿ ಉತ್ತರಿಸುತ್ತಾರೆ. "ಏನನ್ನೂ ಬಿಡಲಾಗದು, ಯಾಕೆಂದರೆ ಇದು ಗೊತ್ತಾಗದೆ ಅದು ಅರ್ಥವಾಗದು" ಎಂದು ಕಾರಣ ಕೊಟ್ಟವರಿಗೆ 45 ಕೊಡಿ. "ಸ್ವಲ್ಪ ಬೇಗ ಬೇಗ ಹೇಳುತ್ತೇನೆ" ಎಂದು ಬರೆದವರಿಗೆ ಫೋನ್ ಮಾಡಿ ಮಾತನಾಡಿ. ಅವರು ಇನ್ನೂ ಯೋಚಿಸಿಲ್ಲ ಎಂದು ಅರ್ಥ.

ಬೇರೆಯವರು ಹೇಗೆ ಮಾಡುತ್ತಾರೆ ಎಂಬುದನ್ನೂ ಹೇಳುತ್ತೇನೆ. ಚಿಕ್ಕ ಮಾತುಗಳ ಪದ್ಧತಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 1997ರ ಸಮ್ಮೇಳನದಲ್ಲೇ ಇತ್ತು. ಐದು ನಿಮಿಷದ ಇಂಥ ಮಾತಿಗೆ 'ಲೈಟ್ನಿಂಗ್ ಟಾಕ್', ಅಂದರೆ ಮಿಂಚು ಮಾತು, ಎಂಬ ಹೆಸರು ಬಂದದ್ದು 2000ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಪರ್ಲ್ ಭಾಷೆಯ ಸಮುದಾಯ ಸಮ್ಮೇಳನದಲ್ಲಿ. ಹೆಸರಿಟ್ಟವರು ಮಾರ್ಕ್ ಜೇಸನ್ ಡಾಮಿನಸ್. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಸಮುದಾಯದ ಸಮ್ಮೇಳನ ಡೆಬ್‌ಕಾನ್ 2023ರಲ್ಲಿ ನಮ್ಮ ಪಕ್ಕದ ಕೊಚ್ಚಿಗೇ ಬಂದಿತ್ತು. ಅಲ್ಲಿ ಪ್ರಸ್ತಾವ ಕರೆಯುವಾಗಲೇ 45 ಮತ್ತು 20 ನಿಮಿಷ ಎಂಬ ಎರಡು ಅಳತೆ ಇಡುತ್ತಾರೆ. ಬ್ರಸೆಲ್ಸ್‌ನಲ್ಲಿ ಪ್ರತಿವರ್ಷ ನಡೆಯುವ ಮುಕ್ತ ತಂತ್ರಾಂಶ ಸಮ್ಮೇಳನ ಫಾಸ್ಡೆಮ್ ಉಚಿತ, ನೋಂದಣಿಯೂ ಬೇಕಿಲ್ಲ. ಅಲ್ಲಿನ ಮುಖ್ಯ ವೇದಿಕೆಯಲ್ಲಿ 50 ನಿಮಿಷದ ಮಾತುಗಳು ರೂಢಿಯಲ್ಲಿದ್ದವು, ಲೈಟ್ನಿಂಗ್ ಎಂದರೆ 15 ನಿಮಿಷ. ಒಂದೇ ಹೆಸರಿಗೆ ಒಂದು ಕಡೆ 5, ಇನ್ನೊಂದು ಕಡೆ 15. ಆದ್ದರಿಂದ ನಿಮ್ಮ ಪ್ರಕಟಣೆಯಲ್ಲಿ ಚಿಕ್ಕದು, ದೊಡ್ಡದು, ಮಿಂಚು ಎಂಬ ಹೆಸರುಗಳ ಜೊತೆಗೆ ನಿಮಿಷವನ್ನೂ ಬರೆಯಿರಿ.

ಈಗ ನಿಮ್ಮ ಎರಡು ದಿನ. 45 ನಿಮಿಷವನ್ನು ಒಂದು ಕಂತು ಎಂದು ಇಟ್ಟುಕೊಳ್ಳಿ. 20, ನಡುವೆ 5, ಮತ್ತೆ 20 ಸೇರಿದರೂ 45. ಅಂದರೆ ಒಂದು ಕಂತಿನಲ್ಲಿ ಒಂದು ದೊಡ್ಡ ಮಾತನ್ನಾದರೂ ಇಡಬಹುದು, ಎರಡು ಚಿಕ್ಕವನ್ನಾದರೂ ಇಡಬಹುದು, ಎರಡೂ ಒಂದೇ ಹೊತ್ತಿಗೆ ಮುಗಿಯುತ್ತವೆ. ಸಭಾಂಗಣದಲ್ಲೂ ಕೊಠಡಿಯಲ್ಲೂ ಇದೇ ಕಂತು ಅನುಸರಿಸಿದರೆ ಜನ ಅತ್ತಿತ್ತ ಓಡಾಡಬಹುದು. ಇಲ್ಲಿ ಮಾತು ನಡುವಿನಲ್ಲಿರುವಾಗ ಅಲ್ಲಿ ಶುರುವಾಗುವ ಕಿರಿಕಿರಿ ಇರುವುದಿಲ್ಲ. ದಿನಕ್ಕೆ 6 ಕಂತು, ಸಭಾಂಗಣದಲ್ಲಿ ಒಟ್ಟು 12. ಅವುಗಳಲ್ಲಿ 4ನ್ನು ದೊಡ್ಡ ಮಾತುಗಳಿಗೆ ಇಡಿ. 6 ಕಂತುಗಳಲ್ಲಿ 20 ನಿಮಿಷದ 12 ಮಾತುಗಳು. ಉಳಿದ 2 ಕಂತುಗಳಲ್ಲಿ ತಲಾ 7 ಜನರ ಐದು ನಿಮಿಷದ ಮಾತುಗಳು. ಒಟ್ಟು 30 ಜನ ವೇದಿಕೆ ಹತ್ತುತ್ತಾರೆ, ಕಳೆದ ವರ್ಷ 12 ಜನ ಹತ್ತಿದ್ದರು. ಸಭಾಂಗಣ ಅದೇ, ಹೊತ್ತೂ ಅದೇ.

ದೊಡ್ಡ ಮಾತುಗಳು ಬೆಳಿಗ್ಗೆಗೆ ಇರಲಿ. ಊಟವಾದ ಮೇಲಿನ ಮೊದಲ ಕಂತಿಗೆ ಐದು ನಿಮಿಷದವು ಒಪ್ಪುತ್ತವೆ. ಮುದ್ದೆಯೋ ಬಿಸಿಬೇಳೆಬಾತೋ ಉಂಡು ಬಂದವರನ್ನು ಏಳು ಹೊಸ ಮುಖಗಳು, ಏಳು ಬಗೆಯ ಉತ್ಸಾಹ ಎಚ್ಚರವಾಗಿಡುತ್ತವೆ. ಆ ಏಳೂ ಜನರ ಸ್ಲೈಡುಗಳು ಮೊದಲೇ ಒಂದೇ ಲ್ಯಾಪ್‌ಟಾಪಿನಲ್ಲಿರಬೇಕು, ಮುಂದಿನವರು ಮೆಟ್ಟಿಲ ಬಳಿ ನಿಂತಿರಬೇಕು. ಹೀಗಿಲ್ಲದಿದ್ದರೆ 7 ಹೋಗಿ 4 ಆಗುತ್ತದೆ.

ಇದರಲ್ಲಿರುವ ಅಪಾಯ ಮುಚ್ಚಿಡುವುದಿಲ್ಲ. ಮೂರು ಅಳತೆ ಎಂದ ಕೂಡಲೇ ಮೂರು ದರ್ಜೆ ಎಂಬ ಭಾವನೆ ಹುಟ್ಟುತ್ತದೆ. 45 ಕೇಳಿ 20 ಸಿಕ್ಕವರಿಗೆ ತಾವು ಸೋತೆವು ಅನ್ನಿಸುತ್ತದೆ. ವಿದ್ಯಾರ್ಥಿಗಳೆಲ್ಲ ಐದು ನಿಮಿಷದ ಕಂತಿನಲ್ಲಿ, ಹಿರಿಯರೆಲ್ಲ ಬೆಳಗಿನ ದೊಡ್ಡ ಕಂತಿನಲ್ಲಿ ಎಂದಾದರೆ ಆ ಭಾವನೆ ನಿಜವೂ ಆಗುತ್ತದೆ. ಹಾಗಾಗದಿರಲು ನಿಮ್ಮಲ್ಲಿ ಎಲ್ಲರೂ ಗೌರವಿಸುವ ಅನುಭವಿಗಳೊಬ್ಬರನ್ನು ಐದು ನಿಮಿಷದ ಮಾತಿಗೆ ಒಪ್ಪಿಸಿ. ಹೆಸರು ಮುಚ್ಚಿ ಪ್ರಸ್ತಾವ ಓದಿದರೆ ಒಬ್ಬ ವಿದ್ಯಾರ್ಥಿನಿಯ ವಿಷಯಕ್ಕೆ 45 ನಿಮಿಷ ಬೇಕೆಂದು ನಿಮಗೇ ಕಂಡೀತು. ಆಗ ಹಿಂಜರಿಯಬೇಡಿ, ಅಭ್ಯಾಸಕ್ಕೆ ಒಬ್ಬ ಮಾರ್ಗದರ್ಶಕರನ್ನು ಜೊತೆ ಮಾಡಿ ಕೊಡಿ. ಒಂದು ವಾರ ಮೊದಲು ವೀಡಿಯೊ ಕರೆಯಲ್ಲಿ ಪೂರ್ತಿ ಒಮ್ಮೆ ಹೇಳಿಸಿ ನೋಡಿದರೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಅವರಿಗೇ ತಿಳಿಯುತ್ತದೆ.

ಕನ್ನಡದಲ್ಲಿ ಮಾತನಾಡುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ತಾಂತ್ರಿಕ ವಿಷಯವನ್ನು ಕನ್ನಡದಲ್ಲಿ ಹೇಳುವವರು ಅನೇಕ ಪದಗಳನ್ನು ಅಲ್ಲೇ ನಿಂತು ಬಿಡಿಸಿ ಹೇಳಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಒಂದು ಪದಕ್ಕೆ ಮುಗಿಯುವುದು ಕನ್ನಡದಲ್ಲಿ ಎರಡು ವಾಕ್ಯ ಬೇಡುತ್ತದೆ. ಆ ಎರಡು ವಾಕ್ಯಗಳಿಂದಲೇ ಎಷ್ಟೋ ಜನರಿಗೆ ಮೊದಲ ಸಲ ವಿಷಯ ತಿಳಿಯುತ್ತದೆ, ನಮ್ಮ ಊರುಗಳ ಸಮ್ಮೇಳನಗಳ ದೊಡ್ಡ ಗಳಿಕೆ ಅದು. ಆದ್ದರಿಂದ ಕನ್ನಡದ ಮಾತುಗಳನ್ನು ಐದು ನಿಮಿಷದ ಕಂತಿಗೆ ತಳ್ಳುವ ಮೊದಲು ಎರಡು ಸಲ ಯೋಚಿಸಿ.

ಬೆಂಗಳೂರಿನಿಂದ ಬರುವವರ ಮಾತಿಗೆ ಬರೋಣ. ಆ ಹಿರಿಯರ ಕಾಳಜಿ ನ್ಯಾಯವಾದದ್ದು. ರಾತ್ರಿ ನಿದ್ದೆಗೆಟ್ಟು ಬಂದವರ ಶ್ರಮಕ್ಕೆ ಬೆಲೆ ಕೊಡಬೇಕು. ಆದರೆ ಆ ಬೆಲೆಯನ್ನು ವೇದಿಕೆಯ ನಿಮಿಷಗಳಲ್ಲಿ ಕೊಡಬೇಕಾಗಿಲ್ಲ. ಬಸ್ಸಿನ ಖರ್ಚು, ಉಳಿಯಲು ಒಳ್ಳೆಯ ಕೋಣೆ, ಬೆಳಿಗ್ಗೆ ಬರಮಾಡಿಕೊಳ್ಳಲು ಒಬ್ಬ ಸ್ವಯಂಸೇವಕ ಇವು ಮಾತು 20 ನಿಮಿಷದ್ದಾದರೂ 45ರದ್ದಾದರೂ ಸಮನಾಗಿರಲಿ. ಜೊತೆಗೆ ಚಿಕ್ಕ ಕೊಠಡಿಯಲ್ಲಿ ಅವರಿಗೆ ಎರಡು ಕಂತು ಸೇರಿಸಿ 95 ನಿಮಿಷದ ಕಾರ್ಯಾಗಾರ ಕೊಡಬಹುದು, ಅಥವಾ ಅದೇ ವಿಷಯದಲ್ಲಿ ಆಸಕ್ತಿಯಿರುವ ಹತ್ತು ಹದಿನೈದು ಜನ ಸುತ್ತ ಕುಳಿತು ಮಾತನಾಡುವ ಕಂತು ಕೊಡಬಹುದು. ಸಭಾಂಗಣದಲ್ಲಿ 20 ನಿಮಿಷ ಹೇಳಿ, "ಹೆಚ್ಚಿನದು ಬೇಕಾದವರು 3 ಗಂಟೆಗೆ ಕೊಠಡಿಗೆ ಬನ್ನಿ" ಎಂದು ಇಳಿದವರು, ಮುಕ್ಕಾಲು ಗಂಟೆ ಮಾತನಾಡಿ ಮಧ್ಯಾಹ್ನದ ಬಸ್ಸಿಗೆ ಹೊರಟವರಿಗಿಂತ ಹೆಚ್ಚು ಸಂತೋಷದಿಂದ ಮನೆಗೆ ಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಆ ಚಿಕ್ಕ ಕೊಠಡಿಯನ್ನು ದಯವಿಟ್ಟು ಮಾತುಗಳಿಂದ ತುಂಬಬೇಡಿ. 64 ಪ್ರಸ್ತಾವಗಳು ಕಣ್ಣ ಮುಂದಿರುವಾಗ ಆ ಆಸೆ ಬರುತ್ತದೆ. ಹ್ಯಾರಿಸನ್ ಓವೆನ್ ಎಂಬವರು 1980ರ ದಶಕದಲ್ಲಿ ಬಹಳ ಶ್ರಮಪಟ್ಟು ಸಮ್ಮೇಳನವೊಂದನ್ನು ನಡೆಸಿದರು. ಅದರಲ್ಲಿ ಜನ ಮೆಚ್ಚಿದ್ದು ಕಾಫಿ ವಿರಾಮಗಳನ್ನು. ಅದನ್ನು ನೋಡಿ ಅವರು ಓಪನ್ ಸ್ಪೇಸ್ ಎಂಬ ಮುಕ್ತ ಸಭೆಯ ಕ್ರಮ ರೂಪಿಸಿದರು. ಕೊಠಡಿಯ ಬಾಗಿಲಿಗೆ ಒಂದು ದೊಡ್ಡ ಹಾಳೆ ಅಂಟಿಸಿ, ಖಾಲಿ ಕಂತುಗಳನ್ನು ಗೆರೆ ಹಾಕಿ, ಪಕ್ಕದಲ್ಲಿ ಪೆನ್ ಕಟ್ಟಿಡಿ. ಬೆಳಿಗ್ಗೆಯ ಮಾತು ಕೇಳಿ ಕೆರಳಿದವರು ಮಧ್ಯಾಹ್ನದ ಕಂತಿಗೆ ತಮ್ಮ ವಿಷಯ ಬರೆಯುತ್ತಾರೆ. ವೇದಿಕೆ ಸಿಗದ 34 ಜನರಿಗೆ ಪತ್ರ ಬರೆಯುವಾಗ ಈ ಹಾಳೆಯ ಬಗ್ಗೆಯೂ ತಿಳಿಸಿ.

ಪ್ರಶ್ನೋತ್ತರಕ್ಕೆ ದೊಡ್ಡ ಮಾತಿನಲ್ಲಿ 10 ನಿಮಿಷ ತೆಗೆದಿಡಿ, ಅಂದರೆ ಮಾತು 35. ಇಪ್ಪತ್ತರ ಮಾತಿಗೆ ವೇದಿಕೆಯ ಮೇಲೆ ಪ್ರಶ್ನೆ ಬೇಡ, ಚಹಾ ವಿರಾಮದಲ್ಲಿ ಮಾತನಾಡಿದವರು ಗೊತ್ತಾದ ಮೇಜಿನ ಬಳಿ ಸಿಗಲಿ. ಮೈಕ್ ಹಿಡಿದು ಕೇಳಲು ನಮ್ಮ ವಿದ್ಯಾರ್ಥಿಗಳು ಸಂಕೋಚಪಡುತ್ತಾರೆ. ಚೀಟಿ ಹಂಚಿ ಬರೆದುಕೊಡಿ ಎಂದರೆ ಒಳ್ಳೊಳ್ಳೆಯ ಪ್ರಶ್ನೆಗಳು ಬರುತ್ತವೆ.

ಕಂಪನಿಯ 45 ನಿಮಿಷದ ಬೇಡಿಕೆಗೆ ಸೌಜನ್ಯದಿಂದ ಇಲ್ಲ ಎನ್ನಿ. ಅವರ ಎಂಜಿನಿಯರ್ ಎಲ್ಲರಂತೆ ಪ್ರಸ್ತಾವ ಕಳುಹಿಸಲಿ, ಒಳ್ಳೆಯದಿದ್ದರೆ ಆಯ್ಕೆಯಾಗುತ್ತದೆ. ಹೊರಗೆ ಒಂದು ಮೇಜು, ಆರಂಭದಲ್ಲಿ ಒಂದು ಕೃತಜ್ಞತೆ, ಬೇಕಾದರೆ 5 ನಿಮಿಷ ಕೊಡಿ. ಹಣ ಹಿಂತೆಗೆಯುವ ಸಾಧ್ಯತೆ ಇದೆ, ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಮಾತನಾಡಿ. ಕೊಡಲೇಬೇಕಾದ ಸ್ಥಿತಿ ಬಂದರೆ ವೇಳಾಪಟ್ಟಿಯಲ್ಲಿ 'ಪ್ರಾಯೋಜಿತ' ಎಂದು ಸ್ಪಷ್ಟವಾಗಿ ಮುದ್ರಿಸಿ.

ಕಾಲೇಜಿನ ಸಭಾಂಗಣವಾದ್ದರಿಂದ ಉದ್ಘಾಟನೆಯ ವಿಷಯವನ್ನು ಮೊದಲೇ ಬಗೆಹರಿಸಿಕೊಳ್ಳಿ. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಅಧ್ಯಕ್ಷೀಯ ಭಾಷಣ ಎಲ್ಲವೂ ಸೇರಿದರೆ ಒಂದು ಗಂಟೆ ದಾಟುತ್ತದೆ, ಒಂದು ಕಂತು ಅಲ್ಲೇ ಹೋಯಿತು. ಪ್ರಾಂಶುಪಾಲರ ಬಳಿ ಹೋಗಿ ವೇಳಾಪಟ್ಟಿ ತೋರಿಸಿ, "ಸರ್, ಹೊತ್ತು ಮೀರಿದರೆ ನಮ್ಮ ಒಬ್ಬ ವಿದ್ಯಾರ್ಥಿಯ ಮಾತು ಬಿಟ್ಟುಹೋಗುತ್ತದೆ" ಎಂದು ನೇರವಾಗಿ ಹೇಳಿ. ಹೀಗೆ ಕೇಳಿದಾಗ ಒಪ್ಪದ ಪ್ರಾಂಶುಪಾಲರನ್ನು ನಾನು ಇನ್ನೂ ನೋಡಿಲ್ಲ. ಸನ್ಮಾನವಿದ್ದರೆ ಎರಡನೆಯ ದಿನದ ಕೊನೆಗೆ ಇಡಿ.

ಇಷ್ಟೆಲ್ಲ ಹಂಚಿದ ಮೇಲೆ ಅದನ್ನು ಕಾಯಲು ಒಬ್ಬರು ಬೇಕು. ಮೊದಲ ಸಾಲಿನಲ್ಲಿ ಕುಳಿತು 10, 5, 1 ಎಂದು ಬರೆದ ಫಲಕ ತೋರಿಸುವವರು. ಈ ಕೆಲಸವನ್ನು ಮೊದಲ ವರ್ಷದ ಹುಡುಗನಿಗೆ ಕೊಟ್ಟರೆ ಅವನು ಹಿರಿಯರನ್ನು ನಿಲ್ಲಿಸಲಾರ. ನಿಮ್ಮ ಸಮಿತಿಯ ಆ ಹಿರಿಯರಿಗೇ ಒಪ್ಪಿಸಿ, ಅವರ ಮಾತಿಗೆ ತೂಕವಿದೆ. ದಿನದ ಮೊದಲ ಮಾತು ಹೊತ್ತಿಗೆ ಸರಿಯಾಗಿ ನಿಂತರೆ ಉಳಿದವರು ತಾವೇ ಗಡಿಯಾರ ನೋಡಿಕೊಳ್ಳುತ್ತಾರೆ. ಕೊನೆಯ ಗಳಿಗೆಯಲ್ಲಿ ಯಾರಾದರೂ ಬಾರದೆ ಹೋದರೆ ಎಂದು, ಸಭಾಂಗಣದಲ್ಲೇ ಇರುವ ಇಬ್ಬರ 20 ನಿಮಿಷದ ಮಾತುಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಮತ್ತೆ, ಪ್ರತಿ ಮಾತು ನಿಜವಾಗಿ ಎಷ್ಟಕ್ಕೆ ಶುರುವಾಗಿ ಎಷ್ಟಕ್ಕೆ ಮುಗಿಯಿತು, ಆಗ ಎಷ್ಟು ಕುರ್ಚಿ ತುಂಬಿದ್ದವು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷ ಇದೇ ಚರ್ಚೆ ಸಮಿತಿಯಲ್ಲಿ ಎದ್ದಾಗ ಆ ನೋಟ್‌ಬುಕ್ ಮೇಜಿನ ಮೇಲಿರಲಿ.